ಬುರ್ಜ್ ಹಡಗಿನ ಎಂಟು ಗೂಡುಗಳು

ತ್ರಿಪೋಲಿಯ ಮೀನಾ ಬಂದರಿನವರೆಲ್ಲ ಅಬು ಲೈಥ್, ಅಂದರೆ ಲೈಥನ ಅಪ್ಪ, ಎಂದು ಕರೆಯುವ ಶಫೀಕ್ ಮುರಾದನಿಗೆ ಲೈಥ್ ಎಂಬ ಮಗ ಹುಟ್ಟಿಯೇ ಇರಲಿಲ್ಲ. ಇದ್ದವರು ಮೂವರು ಹೆಣ್ಣುಮಕ್ಕಳು. ಹುಟ್ಟದ ಮಗನ ಹೆಸರಿನಲ್ಲಿ ಇಷ್ಟು ವರ್ಷ ಮರ್ಯಾದೆ ಪಡೆದುಕೊಂಡು ಬಂದವನಿಗೆ ನೀರೇ ಇಲ್ಲದ ಸಮುದ್ರಕ್ಕೆ ನೌಕಾಧಿಪತಿಯಾಗುವುದೇನು ಮಹಾ ಎಂದು ಅವನ ಅಕ್ಕನ ಮಗಳು ಹನಾದಿ ಅಂದುಕೊಳ್ಳುತ್ತಿದ್ದಳು. ಅವಳು ಅಂದುಕೊಂಡದ್ದರಲ್ಲಿ ಬಾಯಿಗೆ ಬರುತ್ತಿದ್ದುದು ಬಹಳ ಕಡಿಮೆ. ಜನ ಅದನ್ನು ನಾಚಿಕೆ ಎಂದು ತಿಳಿದಿದ್ದರು. ಅರ್ಧ ಅದು ನಾಚಿಕೆಯೇ.

ಸೋದರಮಾವನ ಸೈಬರ್ ಅಂಗಡಿ ಮೀನು ಮಾರುಕಟ್ಟೆಯ ಹಿಂದಿನ ಓಣಿಯಲ್ಲಿತ್ತು. ಬಾಗಿಲ ಮೇಲೆ ಆಕಾಶಗಂಗೆಯ ಚಿತ್ರ ಬರೆಸಿದ್ದ. ಉಪ್ಪುಗಾಳಿಗೆ ನಕ್ಷತ್ರಗಳೆಲ್ಲ ಉದುರಿ, ಈಗ ಅದು ಸೀದುಹೋದ ಬಾಣಲೆಯ ಹಾಗೆ ಕಾಣುತ್ತಿತ್ತು. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟ ಹನಾದಿ ಅಂದಿನಿಂದ ಅಲ್ಲೇ ಗಲ್ಲಾದ ಹಿಂದೆ ಕೂತು ಕಂಪ್ಯೂಟರಿನ ಬಾಡಿಗೆ ಗಂಟೆಗಳನ್ನು ಮಾರುತ್ತಿದ್ದಳು, ಕಾಫಿ ಕುದಿಸುತ್ತಿದ್ದಳು, ಅರ್ಗೀಲೆ ಎಂಬ ಹುಕ್ಕಾದ ಕೆಂಡ ಬದಲಿಸುತ್ತಿದ್ದಳು. ಸರ್ಕಾರಿ ಕರೆಂಟು ಹೋಗಿ ಬೀದಿಯ ಜನರೇಟರಿನ ಕರೆಂಟು ಬರುವ ನಡುವೆ ಗಂಡಸರೆಲ್ಲ ಒಮ್ಮೆಗೇ ಅವಳತ್ತ ತಿರುಗುತ್ತಿದ್ದರು, ವಿದ್ಯುತ್ತನ್ನು ಅವಳೇ ಮಡಿಲಲ್ಲಿ ಬಚ್ಚಿಟ್ಟುಕೊಂಡಂತೆ. ಬ್ಯಾಟರಿ ಇದೆ, ಯಾರ ಆಟವೂ ನಿಂತಿಲ್ಲ ಎಂದು ಪ್ರತಿ ಸಲವೂ ಹೇಳಬೇಕಾಗುತ್ತಿತ್ತು.

ಅವರು ಆಡುತ್ತಿದ್ದ ಆಟದ ಹೆಸರು ಸದೀಮ್. ಲೋಕದ ನಾನಾ ಮೂಲೆಯ ಸಾವಿರಾರು ಜನ ಒಂದೇ ಆಕಾಶದಲ್ಲಿ ಹಡಗು ನಡೆಸುವ ಆಟ. ಬಂಡೆ ಅಗೆಯಬಹುದು, ಸರಕು ಸಾಗಿಸಬಹುದು, ಬೇರೆಯವರ ಹಡಗು ಒಡೆಯಬಹುದು. ಅಂಗಡಿಗೆ ಬರುವ ಗಂಡಸರೆಲ್ಲ ಸೇರಿ ‘ಬಂದರಿನ ಸಿಂಹಗಳು’ ಎಂಬ ಪಡೆ ಕಟ್ಟಿದ್ದರು. ಅಬು ಲೈಥ್ ಅದರ ಅಧಿಪತಿ. ಸಿಂಹಗಳು ಹೆಚ್ಚಾಗಿ ಬಂಡೆ ಅಗೆಯುತ್ತಿದ್ದವು, ಯಾರಾದರೂ ಅಟ್ಟಿಸಿಕೊಂಡು ಬಂದರೆ ಓಡುತ್ತಿದ್ದವು, ಓಡಿದ್ದನ್ನು ಮರುದಿನ ಕಾಫಿ ಕುಡಿಯುತ್ತ ತಂತ್ರವೆಂದು ಕರೆಯುತ್ತಿದ್ದವು.

ಮೂಲೆಯ ಹಳೆಯ ಯಂತ್ರ ಖಾಲಿ ಇದ್ದಾಗ ಹನಾದಿಯೂ ಆಡುತ್ತಿದ್ದಳು. ಅವಳ ಚಾಲಕಿಯ ಹೆಸರು ನೌರಸ. ಬಂದರಿನ ಬಿಳಿ ಹಕ್ಕಿಯ ಹೆಸರು ಅದು. ಈ ಆಟದಲ್ಲಿ ಚಾಲಕರು ವಿದ್ಯೆ ಕಲಿಯುವುದು ನಿಜವಾದ ಕಾಲದಲ್ಲಿ. ಇಂಥದ್ದು ಕಲಿ ಎಂದು ಹಚ್ಚಿಟ್ಟರೆ ನಾವು ಮಲಗಿದ್ದರೂ ಅದು ಕಲಿಯುತ್ತಲೇ ಇರುತ್ತದೆ, ಕೆಲವು ವಿದ್ಯೆಗೆ ತಿಂಗಳುಗಟ್ಟಲೆ ಬೇಕು. ಗಂಡಸರು ತಮ್ಮ ಚಾಲಕರಿಗೆ ದೊಡ್ಡ ದೊಡ್ಡ ಬಂದೂಕು ಹಿಡಿಯುವುದನ್ನೇ ಕಲಿಸಿದರು. ಹನಾದಿ ನೌರಸಳಿಗೆ ಹಡಗು ನಡೆಸುವುದನ್ನು ಕಲಿಸಿದಳು, ಮೊದಲು ದೋಣಿ, ಆಮೇಲೆ ಸರಕಿನ ಹಡಗು, ಆಮೇಲೆ ಅದಕ್ಕಿಂತ ದೊಡ್ಡದು, ಹೀಗೆ ವರ್ಷಗಳ ಕಾಲ. ತಾನು ಗಲ್ಲಾದಿಂದ ಮನೆಗೆ, ಮನೆಯಿಂದ ಗಲ್ಲಾಕ್ಕೆ ಹೋಗಿಬರುವಷ್ಟರಲ್ಲಿ ನೌರಸ ಏನಾದರೊಂದು ಕಲಿತಿರುತ್ತಿದ್ದಳು. ಮನೆಯಲ್ಲಿ ಇನ್ನಾರೂ ಏನೂ ಕಲಿಯುತ್ತಿರಲಿಲ್ಲವಾದ್ದರಿಂದ ಹನಾದಿಗೆ ಅದೊಂದು ದೊಡ್ಡ ಸಮಾಧಾನವಾಗಿತ್ತು.

ಒಂದೇ ಒಂದು ಭಯವಿತ್ತು. ಗಡಿಯಾಚೆಯ ಕತ್ತಲ ಸೀಮೆಯಲ್ಲಿ ಹಡಗು ಒಡೆದರೆ ಚಾಲಕರೂ ಸತ್ತಂತೆ. ಕಲಿತದ್ದೆಲ್ಲ ಅಳಿಸಿಹೋಗುತ್ತದೆ, ಮತ್ತೆ ಅಂಬೆಗಾಲಿಟ್ಟು ದೋಣಿಯಿಂದ ಶುರು ಮಾಡಬೇಕು. ಗಂಡಸರ ಚಾಲಕರು ವರ್ಷಕ್ಕೆರಡು ಸಲ ಸಾಯುತ್ತಿದ್ದರು, ಅವರಿಗೆ ಅದು ಕ್ಷೌರ ಮಾಡಿಸಿಕೊಂಡಷ್ಟೇ ಆಗಿತ್ತು. ನೌರಸ ಒಮ್ಮೆಯೂ ಸತ್ತಿರಲಿಲ್ಲ.

ಹೀಗಿರುವಾಗ ಸಿಂಹಗಳು ವರ್ಷವೆಲ್ಲ ಬಂಡೆ ಅಗೆದು ಒಂದು ಮಹಾನೌಕೆ ಕಟ್ಟಿದವು. ಬಂದರಿನ ತುದಿಯ ಹಳೆಯ ಕೋಟೆಗೋಪುರದ ನೆನಪಿಗೆ ಅದಕ್ಕೆ ಬುರ್ಜ್ ಎಂದು ಹೆಸರಿಟ್ಟರು. ಪರದೆಯ ಮೇಲೆ ಅದು ಮೂಡಿದಾಗ ಅಬು ಲೈಥ್ ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟುಕೊಂಡ. ಆಮೇಲೆ ಯಾರೋ ಇದನ್ನು ನಡೆಸುವವರು ಯಾರು ಎಂದು ಕೇಳಿದರು. ಎಲ್ಲರೂ ತಂತಮ್ಮ ಚಾಲಕರ ವಿದ್ಯೆ ತೆರೆದು ನೋಡಿದರು. ಬಂದೂಕು, ಬಂದೂಕು, ಬಂದೂಕು. ಕೊನೆಗೆ ಅಬು ಲೈಥ್ ಗಂಟಲು ಸರಿಮಾಡಿಕೊಂಡು, ತಾನು ಮೊದಲಿನಿಂದಲೂ ಹೀಗೇ ಯೋಚಿಸಿದ್ದಾಗಿಯೂ ತನ್ನ ಮನೆಯ ಹುಡುಗಿಯನ್ನು ಇದಕ್ಕೆಂದೇ ತಯಾರು ಮಾಡಿಸಿದ್ದಾಗಿಯೂ ಹೇಳಿದ. ಹನಾದಿ ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಇನ್ನು ಹಡಗಿಗೆ ರಕ್ಷಣೆ ತೊಡಿಸಬೇಕಾಗಿತ್ತು. ಬುರ್ಜ್‌ನಲ್ಲಿ ರಕ್ಷಣೆಗೆಂದು ಎಂಟು ಗೂಡುಗಳಿದ್ದವು, ಒಂದೊಂದು ಗೂಡಿಗೂ ಒಂದೊಂದು ಸಾಧನ. ಸದೀಮ್ ಆಡುವ ಎಳೆಯ ಮಕ್ಕಳಿಗೂ ಗೊತ್ತಿರುವ ವಿಷಯವೇನೆಂದರೆ, ಹಡಗನ್ನು ಕಾಯಲು ಎರಡು ದಾರಿಗಳಿವೆ. ಒಂದು, ಹಡಗಿನ ಸುತ್ತ ಬೆಳಕಿನ ಪರದೆ ಕಟ್ಟುವುದು. ಇನ್ನೊಂದು, ಹಡಗಿನ ಮೈಗೆ ಉಕ್ಕಿನ ಕವಚ ತೊಡಿಸುವುದು. ಯಾವುದು ಬೇಕಾದರೂ ಆಗಬಹುದು, ಆದರೆ ಆರಿಸಿಕೊಂಡದ್ದಕ್ಕೇ ಎಲ್ಲ ಗೂಡುಗಳನ್ನೂ ಕೊಡಬೇಕು. ಅರ್ಧ ಪರದೆ ಅರ್ಧ ಕವಚ ಹಾಕಿದರೆ ಪರದೆ ಬೇಗ ಹರಿಯುತ್ತದೆ, ಹರಿದ ಮೇಲೆ ಕವಚವೂ ಬೇಗ ಒಡೆಯುತ್ತದೆ. ಎರಡೂ ಒಂದೇ ತೊಟ್ಟಿಯ ಶಕ್ತಿಯನ್ನು ಕುಡಿಯುವುದರಿಂದ ನಡುವೆ ಹಡಗು ದೀಪವಾರಿದ ಮನೆಯಂತಾಗುತ್ತದೆ.

ಇದು ಸಿಂಹಗಳಿಗೂ ಗೊತ್ತಿತ್ತು. ಆದರೆ ಸಿಂಹಗಳಲ್ಲಿ ಮೂರು ಪಂಗಡಗಳಿದ್ದವು. ಬಂದರಿನವರಿಗೆ ಅಬು ಲೈಥ್ ಹಿರಿಯ. ಅಬು ಸಮ್ರಾ ಎಂಬ ಗುಡ್ಡದ ಬಡಾವಣೆಯವರಿಗೆ ನಿಝಾರ್ ಎಂಬವನು. ಕಾರು ಓಡಿಸುವುದನ್ನು ಕಲಿಸುವ ಶಾಲೆ ಇಟ್ಟುಕೊಂಡಿದ್ದರಿಂದ ಎಲ್ಲರೂ ಅವನನ್ನು ಉಸ್ತಾದ್ ಎನ್ನುತ್ತಿದ್ದರು. ಹಳೇ ಪೇಟೆಯವರಿಗೆ ಕಿಫಾಹ್. ಮದುವೆಗೆ ಕುರ್ಚಿ ಬಾಡಿಗೆಗೆ ಕೊಡುವ ಅವನಿಗೆ ಯಾರು ಯಾರ ಪಕ್ಕ ಕೂರಬಾರದು ಎಂಬುದರಲ್ಲಿ ಆಳವಾದ ಪಾಂಡಿತ್ಯವಿತ್ತು. ಈ ಮೂವರು ಗೋಡೆಯ ಪಕ್ಕದ ಮೇಜಿಗೆ ಕೂತು, ಒಂದು ರಾಜ್ಯವನ್ನು ಕಟ್ಟುವ ಗಾಂಭೀರ್ಯದಿಂದ, ಗೂಡುಗಳನ್ನು ಹಂಚಿಕೊಳ್ಳತೊಡಗಿದರು.

ಬಂದರಿನವರು ಹೆಚ್ಚು ಬಂಡೆ ಅಗೆದಿದ್ದರಿಂದ ಅವರಿಗೆ ಮೂರು ಗೂಡು. ಗುಡ್ಡದವರು ಆಮೇಲೆ ಸೇರಿದ್ದರೂ ಸಂಖ್ಯೆಯಲ್ಲಿ ಹೆಚ್ಚಿದ್ದರಿಂದ ಎರಡು. ಪೇಟೆಯವರು ಕಡಿಮೆ ಇದ್ದರೂ ಮನಸ್ಸು ನೋಯಬಾರದೆಂದು ಎರಡು. ಪ್ರತಿಯೊಬ್ಬನೂ ತನ್ನ ಗೂಡಿಗೆ ತನಗೆ ಇಷ್ಟವಾದದ್ದನ್ನು ತಂದ. ಅಬು ಲೈಥ್ ಮೂರು ಬೆಳಕಿನ ಪರದೆ ತಂದ, ಯಾಕೆಂದರೆ ಅವು ನೀಲಿಯಾಗಿ ಹೊಳೆಯುತ್ತವೆ. ಅವನು ಪರದೆ ತಂದನೆಂಬ ಒಂದೇ ಕಾರಣಕ್ಕೆ ಉಸ್ತಾದ್ ನಿಝಾರ್ ಎರಡು ಕವಚದ ಹಲಗೆ ತಂದ. ಕಿಫಾಹ್ ಇಬ್ಬರಿಗೂ ಬೇಸರವಾಗದಿರಲೆಂದು ಒಂದು ಪರದೆ ಒಂದು ಹಲಗೆ ತಂದ.

ಕಾಫಿಯ ತಟ್ಟೆ ಇಡಲು ಬಂದ ಹನಾದಿ ಅಂದು ಅಪರೂಪಕ್ಕೆ, ಸೋದರಮಾವನನ್ನು ಖಾಲೋ ಎಂದು ಕರೆದು, ಮಾತಾಡಿದಳು.

“ಖಾಲೋ, ಎರಡೂ ಬೇಡ. ಪರದೆ ಅಂದ್ರೆ ಎಂಟೂ ಪರದೆಗೇ ಇರ್ಲಿ. ಕವಚ ಅಂದ್ರೆ ಎಂಟೂ ಕವಚಕ್ಕೆ.”

“ಎಂಟೂ ಒಬ್ರಿಗೇ ಕೊಟ್ಬಿಟ್ರೆ ಮಿಕ್ಕವ್ರು ಏನಮ್ಮ ಮಾಡ್ಬೇಕು, ಕೂತ್ಕೊಂಡು ಮೀನು ಉಜ್ಜಬೇಕಾ?” ಎಂದ ಅಬು ಲೈಥ್.

“ಗೂಡು ಇರೋದು ಹಡಗಿಗೆ ಖಾಲೋ. ಜನಕ್ಕಲ್ಲ.”

ಉಸ್ತಾದ್ ನಿಝಾರ್ ಮರುಕದಿಂದ ನಕ್ಕ. “ಪಾಪ, ಹುಡುಗಿ ಶಾಲೆ ಬೇಗ ಬಿಟ್ಟಿದ್ದು. ಬಿಡು ಅಬು ಲೈಥ್. ನೋಡಮ್ಮಾ, ಹಡಗು ಒಡೆದ್ರೆ ಇನ್ನೊಂದು ಕಟ್ಬಹುದು. ನಾವು ಒಡೆದ್ರೆ ಯಾರು ಕಟ್ತಾರೆ?”

ಈ ಮಾತು ಎಷ್ಟು ಚೆನ್ನಾಗಿದೆಯೆಂದರೆ ಕಿಫಾಹ್ ಅದನ್ನು ಎರಡು ಸಲ ಹೇಳಿಸಿಕೊಂಡ. ಆ ಹಡಗಿನೊಳಗೆ ಕೂತು ಸಾಯುವವಳು ನೌರಸ ಎಂಬುದು ಮೂವರಲ್ಲಿ ಒಬ್ಬನಿಗೂ ನೆನಪಾಗಲಿಲ್ಲ. ಹನಾದಿಗೆ ಅದನ್ನು ಹೇಳಬೇಕೆನ್ನಿಸಿತು. ಹೇಳದೆ ತಟ್ಟೆ ಇಟ್ಟು ಗಲ್ಲಾಕ್ಕೆ ಮರಳಿದಳು.

ಆಟದಲ್ಲಿ ಯಾವ ಸಾಧನಕ್ಕಾದರೂ ನಮಗೆ ಬೇಕಾದ ಹೆಸರಿನ ಚೀಟಿ ಅಂಟಿಸಬಹುದು, ಅಂಟಿಸಿದರೆ ಅದರ ನಿಜವಾದ ಹೆಸರು ಮರೆಯಾಗಿ ಚೀಟಿಯ ಹೆಸರೇ ಕಾಣುತ್ತದೆ. ಮೂವರೂ ತಂತಮ್ಮ ಸಾಧನಗಳಿಗೆ ಹೆಸರು ಬರೆದರು. ಮಸೀದಿಗೆ ಫ್ಯಾನು ಕೊಟ್ಟವರು ರೆಕ್ಕೆಯ ಮೇಲೆ ಹೆಸರು ಬರೆಸುತ್ತಾರಲ್ಲ, ಹಾಗೆ. ‘ಅಬು ಲೈಥ್ ಮುರಾದರ ಬೆಳಕಿನ ಪರದೆ, ಒಂದು.’ ‘ಗುಡ್ಡದ ವೀರರ ಕವಚ, ಉಸ್ತಾದ್ ನಿಝಾರರ ಕೊಡುಗೆ.’ ಇನ್ನು ಮುಂದೆ ಗೂಡುಗಳನ್ನು ಪರೀಕ್ಷಿಸುವುದೆಂದರೆ ಅವರಿಗೆ ತಮ್ಮ ಹೆಸರು ಅಲ್ಲಿದೆಯೇ ಎಂದು ನೋಡುವುದಾಗಿತ್ತು. ದಿನಕ್ಕೊಮ್ಮೆ ಬಂದು ನೋಡುತ್ತಿದ್ದರು, ಕೆಲವರು ಎರಡು ಸಲ.

ಉಳಿದದ್ದು ಎಂಟನೆಯ ಗೂಡು. ಅದು ಯಾರಿಗೆ ಎಂಬುದು ತೀರ್ಮಾನವಾಗಲಿಲ್ಲ. ಮೂರು ಪಡೆದ ಬಂದರಿನವರಿಗೆ ಇನ್ನೊಂದು ಕೊಡಲಾಗದು, ಗುಡ್ಡಕ್ಕೆ ಕೊಟ್ಟರೆ ಪೇಟೆಗೆ ಅವಮಾನ, ಪೇಟೆಗೆ ಕೊಟ್ಟರೆ ಗುಡ್ಡಕ್ಕೆ. ಬೇಸಿಗೆ ಕಳೆಯಿತು, ಆಲಿವ್ ಕೊಯ್ಲು ಮುಗಿಯಿತು, ಬುರ್ಜ್ ನಿಲ್ದಾಣದಲ್ಲಿ ನಿಂತೇ ಇತ್ತು. ಅಧ್ಯಕ್ಷನಿಲ್ಲದೆ ವರ್ಷಗಟ್ಟಲೆ ಕಾಲ ತಳ್ಳುವ ದೇಶದವರಿಗೆ ಒಂದು ಖಾಲಿ ಗೂಡು ಆತಂಕದ ವಿಷಯವಲ್ಲ. ಅವರು ಖಾಲಿತನದ ಸುತ್ತ ಕೂತು ಸುಖವಾಗಿ ಚರ್ಚಿಸಬಲ್ಲವರು. ಸಂಧಾನಕ್ಕೆಂದು ಝಗರ್ತಾ ಊರಿನಿಂದ ಕಿಫಾಹನ ಭಾವನನ್ನು ಕರೆಸಿದರು. ಅವನಿಗೆ ಆಟವೇ ಗೊತ್ತಿರಲಿಲ್ಲ. ಎರಡು ಅರ್ಗೀಲೆ ಸೇದಿ, ಸಿಹಿ ತಿಂದು, ಎರಡೂ ಕಡೆ ನ್ಯಾಯವಿದೆ ಎಂದು ಹೇಳಿ ಹೋದ.

ಕೊನೆಗೆ ಎಂಟನೆಯ ಗೂಡನ್ನು ಯಾರ ಕಡೆಯವಳೂ ಅಲ್ಲದ ಹನಾದಿಗೆ ಕೊಡುವುದೆಂದಾಯಿತು. ಅವಳು ಅಧಿಪತಿಯ ಅಕ್ಕನ ಮಗಳು, ಆದರೂ ಹೆಂಗಸಾದ್ದರಿಂದ ಲೆಕ್ಕಕ್ಕೆ ಬರುವುದಿಲ್ಲವೆಂದು ಮೂವರೂ ಒಪ್ಪಿದರು. ವರ್ಷವಿಡೀ ಅವರು ಒಮ್ಮತದಿಂದ ಒಪ್ಪಿದ್ದು ಅದೊಂದನ್ನೇ.

ಅಲ್ಲಿಂದ ಅವಳಿಗೆ ಉಪಚಾರ ಶುರುವಾಯಿತು. ಉಸ್ತಾದ್ ನಿಝಾರ್ ಒಂದು ಮಧ್ಯಾಹ್ನ ಒಬ್ಬನೇ ಬಂದು, ನಿನಗೆ ಪುಕ್ಕಟೆ ಕಾರು ಕಲಿಸುತ್ತೇನೆ, ಎಂಟನೆಯದಕ್ಕೆ ಕವಚ ಹಾಕು, ಯಾರಿಗೂ ಹೇಳಬೇಡ ಎಂದ. ಅಬು ಲೈಥ್ ಮನೆಗೇ ಬಂದು ಅಕ್ಕನೆದುರು ರಕ್ತಸಂಬಂಧದ ಬಗ್ಗೆ ಮಾತಾಡಿದ. ಕಿಫಾಹ್ ಗುಲಾಬಿ ನೀರಿನ ಘಮವಿರುವ ಚೀಸಿನ ಸಿಹಿಯ ಡಬ್ಬಿ ತಂದು ಗಲ್ಲಾದ ಮೇಲಿಟ್ಟು, ತನ್ನ ತಮ್ಮ ಒಳ್ಳೆಯ ಹುಡುಗ, ಸಿಗರೇಟು ಬಿಟ್ಟಿದ್ದಾನೆ, ಬಿಡುವ ಪ್ರಯತ್ನದಲ್ಲಿದ್ದಾನೆ ಎಂದ. ಹನಾದಿ ಸಿಹಿಯನ್ನು ತಿಂದಳು. ಮಿಕ್ಕ ಯಾವುದಕ್ಕೂ ಉತ್ತರ ಕೊಡಲಿಲ್ಲ. ಮೂವರೂ ಅವಳ ಮೌನವನ್ನು ಒಪ್ಪಿಗೆಯೆಂದು ತಿಳಿದು ಸಂತೋಷವಾಗಿ ಹೋದರು.

ಅಷ್ಟರಲ್ಲಿ ಸೈದಾ ಊರಿನ ಪಡೆಯವರು ಕತ್ತಲ ಸೀಮೆಯಲ್ಲಿ ಸಿಂಹಗಳ ಎರಡು ಅಗೆಯುವ ದೋಣಿಗಳನ್ನು ಒಡೆದು, ಆಟದ ಹರಟೆಯಲ್ಲಿ, ತ್ರಿಪೋಲಿಯವರ ಮಹಾನೌಕೆ ಇನ್ನೂ ಬಸುರಿಯೋ ಹೇಗೆ ಎಂದು ಕೇಳಿದರು. ಅಬು ಲೈಥನ ಮುಖ ಬೆಂದ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು. ಬರುವ ಶುಕ್ರವಾರ ನಮಾಜು ಮುಗಿದು ಊಟವಾದ ಮೇಲೆ ಯುದ್ಧ ಎಂದು ಘೋಷಿಸಿದ. ಊಟಕ್ಕೆ ಮೊದಲು ಬೇಡವೆಂದು ಎಲ್ಲರೂ ಒಪ್ಪಿದರು.

ಆ ವಾರ ಹನಾದಿ ಇನ್ನೊಮ್ಮೆ ಮಾವನನ್ನು ಕೇಳಿದಳು, ಇವಿಷ್ಟನ್ನೂ ತೆಗೆದು ಒಂದೇ ಬಗೆಯದನ್ನು ಹಾಕೋಣವೇ ಎಂದು. ಅಬು ಲೈಥ್ ಫೋನಿನಿಂದ ತಲೆಯೆತ್ತದೆ, ಅಷ್ಟು ತಿಂಗಳು ಕೂತು ಮಾಡಿದ ಒಪ್ಪಂದವನ್ನು ಮುರಿದರೆ ಪಡೆಯೇ ಮುರಿಯುತ್ತದೆ, ನೀನು ಸುಮ್ಮನೆ ಹಡಗು ನಡೆಸು ಎಂದ. ಹಡಗು ನಡೆಸುವುದು ಅವನ ದೃಷ್ಟಿಯಲ್ಲಿ ತಳ್ಳುಗಾಡಿ ತಳ್ಳುವಂಥ ಕೆಲಸ. ಬುದ್ಧಿಯ ಕೆಲಸವೆಲ್ಲ ಮೇಜಿನ ಬಳಿ ಮುಗಿದಿತ್ತು.

ಗುರುವಾರ ಮಧ್ಯಾಹ್ನ ಅಂಗಡಿ ಖಾಲಿಯಾಗಿದ್ದಾಗ ಅವಳು ಮೂಲೆಯ ಯಂತ್ರಕ್ಕೆ ಕೂತು ನೌರಸಳನ್ನು ಬುರ್ಜ್‌ನ ಒಳಗೆ ಕಳಿಸಿದಳು. ಎಂಟು ಗೂಡುಗಳನ್ನು ತೆರೆದು ನೋಡಿದಳು. ನಾಲ್ಕು ಪರದೆ, ಮೂರು ಹಲಗೆ, ಒಂದು ಖಾಲಿ. ಮೈತುಂಬ ಬಟ್ಟೆಯಿದ್ದೂ ಬೆನ್ನು ಬೆತ್ತಲೆಯಾಗಿ ಹೊರಟವರಂತೆ ಕಂಡಿತು ಹಡಗು. ಈ ಮೂವರ ಹೆಮ್ಮೆಗಾಗಿ ನೌರಸ ಸಾಯಬೇಕೇ ಎಂದು ತನ್ನನ್ನೇ ಕೇಳಿಕೊಂಡಳು. ಕೇಳಿಕೊಂಡ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ, ನಗು ಬಂತು. ಯಾಕೆಂದರೆ ಅವರು ಚೀಟಿಯನ್ನಲ್ಲದೆ ಬೇರೇನನ್ನೂ ಓದುವುದಿಲ್ಲ ಎಂಬುದು ಅವಳಿಗೆ ಹೊಳೆದಿತ್ತು.

ನೌರಸ ವರ್ಷಗಟ್ಟಲೆ ಸರಕು ಹೊತ್ತು ಕೂಡಿಸಿದ್ದರಲ್ಲಿ ಅವಳು ಎಂಟು ಕವಚದ ಹಲಗೆಗಳನ್ನು ಕೊಂಡಳು. ಹೊಳಪಿಲ್ಲದ, ಬೂದು ಬಣ್ಣದ, ಯಾರೂ ಎರಡನೇ ಸಲ ತಿರುಗಿ ನೋಡದ ಹಲಗೆಗಳು. ಮೂವರ ಕೊಡುಗೆಗಳನ್ನು ಜೋಪಾನವಾಗಿ ಉಗ್ರಾಣಕ್ಕೆ ಹಾಕಿ, ತನ್ನ ಹಲಗೆಗಳನ್ನು ಗೂಡುಗಳಲ್ಲಿ ಕೂರಿಸಿ, ಒಂದೊಂದಕ್ಕೂ ಹಳೆಯ ಚೀಟಿಯ ಹೆಸರನ್ನೇ ಅಕ್ಷರ ಬಿಡದೆ ಬರೆದಳು. ‘ಅಬು ಲೈಥ್ ಮುರಾದರ ಬೆಳಕಿನ ಪರದೆ, ಒಂದು.’ ‘ಎರಡು.’ ‘ಮೂರು.’ ಎಂಟನೆಯದಕ್ಕೆ ಏನೂ ಬರೆಯಲಿಲ್ಲ.

ಶುಕ್ರವಾರ ಅಂಗಡಿಯಲ್ಲಿ ಉಸಿರಾಡಲು ಜಾಗವಿರಲಿಲ್ಲ. ಊಟ ಮುಗಿಸಿ ಬಂದವರ ಕೈಯಲ್ಲಿ ಇನ್ನೂ ಮೀನಿನ ವಾಸನೆಯಿತ್ತು. ಹೊರಡುವ ಮೊದಲು ಮೂವರು ಹಿರಿಯರೂ ಬಗ್ಗಿ ಹನಾದಿಯ ಯಂತ್ರದಲ್ಲಿ ಚೀಟಿಗಳನ್ನು ಓದಿದರು, ತಲೆಯಾಡಿಸಿದರು. ಎಂಟನೆಯ ಗೂಡಿನ ಹೆಸರಿಲ್ಲದ ಹಲಗೆಯನ್ನು ನೋಡಿ ಉಸ್ತಾದ್ ನಿಝಾರ್ ಅವಳಿಗೆ ಮಾತ್ರ ಕಾಣುವಂತೆ ಕಣ್ಣು ಮಿಟುಕಿಸಿದ. ಕಾರು ಕಲಿಸುವ ಮಾತು ಕೆಲಸ ಮಾಡಿತೆಂದು ಅವನ ಎಣಿಕೆ.

ಬುರ್ಜ್ ನಿಲ್ದಾಣದಿಂದ ಹೊರಬಂದಾಗ ಕಿಫಾಹ್ ಕಣ್ಣು ಕಿರಿದು ಮಾಡಿದ.

“ಅಲ್ಲಪ್ಪ, ನಾಲ್ಕು ಪರದೆ ಹಾಕಿದೀವಿ. ನೀಲಿ ಬೆಳಕೆಲ್ಲಿ?”

ಹನಾದಿ ಉತ್ತರಿಸಬೇಕಾಗಿ ಬರಲಿಲ್ಲ.

“ಉತ್ತಮ ಜಾತಿ ಪರದೆ ಹೊಳಿಯಲ್ಲ,” ಎಂದ ಉಸ್ತಾದ್ ನಿಝಾರ್. “ಹೊಳಿಯೋದು ಅಗ್ಗದ್ದು.”

“ಅದಕ್ಕೇ ನಾನು ತಂದಿದ್ದು,” ಎಂದ ಅಬು ಲೈಥ್.

ಸೈದಾದವರು ದೊಡ್ಡ ಬಂಡೆಯೊಂದರ ಹಿಂದೆ ಕಾಯುತ್ತಿದ್ದರು. ಬಂದೂಕು ಬಿಟ್ಟು ಬೇರೇನನ್ನೂ ಕಲಿಯದ ಸಿಂಹಗಳು ಒಟ್ಟಿಗೇ ಗುಂಡು ಹಾರಿಸಿದವು, ಹೆಚ್ಚಿನವು ಬಂಡೆಗೆ ಬಿದ್ದವು. ಆಮೇಲೆ ಸೈದಾದ ಹಡಗುಗಳೆಲ್ಲ ಬುರ್ಜ್ ಕಡೆಗೆ ಮೂತಿ ತಿರುಗಿಸಿದವು. ಕವಚದ ಮೇಲೆ ಕಿಡಿ ಸುರಿಯಿತು. ಹನಾದಿ ಆತುರ ಮಾಡಲಿಲ್ಲ. ಹಲಗೆಗಳು ಸವೆಯುತ್ತಿದ್ದವು, ಆದರೆ ಎಂಟೂ ಒಟ್ಟಿಗೆ, ಹಳೆಯ ಸಾಬೂನಿನ ಹಾಗೆ ನಿಧಾನವಾಗಿ ಸವೆಯುತ್ತಿದ್ದವು. ನಡುವೆ ಬೀದಿಯ ಕರೆಂಟು ಹೋಯಿತು. ಗಂಡಸರೆಲ್ಲ ಅಭ್ಯಾಸದಂತೆ ಅವಳತ್ತ ತಿರುಗಿದರು. ಅವಳು ಅಭ್ಯಾಸದಂತೆ, ಬ್ಯಾಟರಿ ಇದೆ ಎಂದಳು, ಯಂತ್ರದಿಂದ ಕಣ್ಣು ತೆಗೆಯದೆ. ಬುರ್ಜ್ ಬೆಂಕಿಯ ನಡುವೆ ನಿಂತೇ ಇತ್ತು. ಅದರ ನೆರಳಿನಲ್ಲಿ ಅವಿತುಕೊಂಡು ಸಿಂಹಗಳು ಗುಂಡು ಹಾರಿಸುತ್ತಲೇ ಇದ್ದವು, ಅಷ್ಟು ಹಾರಿಸಿದರೆ ಕೆಲವಾದರೂ ತಗಲಲೇಬೇಕಲ್ಲ. ಮೂರು ಹಡಗು ಕಳೆದುಕೊಂಡ ಮೇಲೆ ಸೈದಾದವರು ಹಿಂದೆ ಸರಿದರು. ನೌರಸ ಬದುಕಿದ್ದಳು. ಹನಾದಿ ಕುರ್ಚಿಗೆ ಬೆನ್ನು ಆನಿಸಿದಾಗ ಅಂಗಿ ಬೆವರಿನಿಂದ ಅಂಟಿಕೊಂಡಿತು.

ಯಾರೂ ಅವಳ ಕಡೆ ನೋಡಲಿಲ್ಲ. ಅಬು ಲೈಥ್ ತನ್ನ ಪರದೆಯನ್ನು ಹೊಗಳುತ್ತಿದ್ದ. ಆ ಹೊತ್ತಿನಲ್ಲಿ ಅದು ಬೆಂಕಿಯನ್ನು ಹೀರಿಕೊಂಡಿದ್ದನ್ನು ತಾನು ಕಣ್ಣಾರೆ ಕಂಡೆ ಎಂದ. ಉಸ್ತಾದ್ ನಿಝಾರ್, ಪರದೆ ಹರಿದು ಬಹಳ ಹೊತ್ತಾಗಿತ್ತು, ಉಳಿಸಿದ್ದು ಗುಡ್ಡದವರ ಕವಚ ಎಂದ. ಇಬ್ಬರ ನಡುವೆ ಸಮತೋಲ ಕಾದದ್ದು ತನ್ನ ಒಂದು ಪರದೆ ಒಂದು ಹಲಗೆಯೇ ಎಂದು ಕಿಫಾಹ್ ಹೇಳಿದ. ಸಂಜೆಯೊಳಗೆ ಮೂವರೂ ಒಂದು ತೀರ್ಮಾನಕ್ಕೆ ಬಂದರು. ಗೆದ್ದದ್ದು ಹಂಚಿಕೆ. ಎಲ್ಲರ ಪಾಲೂ ಇದ್ದ ಹಡಗನ್ನು ಯಾರೂ ಒಡೆಯಲಾರರು. ಇನ್ನು ಮುಂದೆ ಪಡೆಯ ಪ್ರತಿ ದೋಣಿಗೂ ಹೀಗೇ ಪಾಲು ಹಾಕುವುದು. ಉಸ್ತಾದ್ ನಿಝಾರ್ ಇದನ್ನು ಲೋಕಕ್ಕೆ ತಿಳಿಸಲು ಒಂದು ವಿಡಿಯೋ ಮಾಡಿದ. ಅದರಲ್ಲಿ ಅವನು ಕಾರು ಶಾಲೆಯ ಟೊಪ್ಪಿ ಹಾಕಿಕೊಂಡು, ವಿದೇಶಿಯರಿಗೆ ಹಡಗು ಗೊತ್ತು, ಮನುಷ್ಯರು ಗೊತ್ತಿಲ್ಲ ಎಂದು ಹೇಳಿದ.

ಹನಾದಿ ಕೇಳಿಸಿಕೊಂಡು ಲೋಟ ತೊಳೆದಳು. ಇದಕ್ಕೆ ತಾನೂ ಕಾರಣ ಎಂಬುದು ಅವಳಿಗೆ ತಿಳಿದಿತ್ತು. ಸುಳ್ಳು ಚೀಟಿ ಬರೆದು ಮೂರ್ಖರಿಗೆ ಕಿರೀಟ ತೊಡಿಸಿದವಳು ತಾನೇ. ಅವರನ್ನು ಮನಸ್ಸಿನಲ್ಲೇ ಬೈದು ಎದುರಿಗೆ ಕಾಫಿ ಕೊಡುತ್ತ ಬಂದದ್ದರಲ್ಲಿ ಅಂಥ ದೊಡ್ಡ ಜಾಣತನವೇನೂ ಇಲ್ಲ ಎಂದು ಅಂದು ಮೊದಲ ಸಲ ಅನ್ನಿಸಿತು. ಆದರೂ ನೌರಸ ಬದುಕಿದ್ದಳಲ್ಲ. ಅಷ್ಟು ಸಾಕೆಂದುಕೊಂಡಳು.

ಸಾಕಾಗಲಿಲ್ಲ. ಮುಂದಿನ ವಾರ ಮೂವರೂ ಮತ್ತೆ ಮೇಜಿಗೆ ಕೂತರು, ಈ ಸಲ ಅವಳನ್ನೂ ಕರೆದು ಕೂರಿಸಿದರು. ಕುರ್ಚಿಯನ್ನು ಕಿಫಾಹ್ ತಾನೇ ಎಳೆದುಕೊಟ್ಟ, ಆಗಲೇ ಅವಳಿಗೆ ಏನೋ ಕೆಟ್ಟದ್ದಿದೆ ಎನ್ನಿಸಿತು. ಅಬು ಲೈಥ್ ಬಹಳ ಸುತ್ತಿ ಬಳಸಿ ವಿಷಯಕ್ಕೆ ಬಂದ. ಹಡಗಿನಲ್ಲಿ ಎಲ್ಲರ ಪಾಲಿದೆ. ಆದರೆ ಚುಕ್ಕಾಣಿ ಮಾತ್ರ ಒಬ್ಬಳ ಕೈಯಲ್ಲಿದೆ. ಇದು ಗುಡ್ಡದವರಿಗೂ ಪೇಟೆಯವರಿಗೂ ಸರಿಕಾಣುತ್ತಿಲ್ಲ. ಆದ್ದರಿಂದ ನೌರಸಳ ಗುಪ್ತಪದವನ್ನು ಅವಳು ಮೂವರಿಗೂ ಕೊಡಬೇಕು. ಒಂದು ವಾರ ಒಬ್ಬೊಬ್ಬರು ನೌರಸಳಾಗಿ ಕೂತು ಬುರ್ಜ್ ನಡೆಸುತ್ತಾರೆ. ಹೇಗಿದ್ದರೂ ಹಡಗು ಒಡೆಯುವುದಿಲ್ಲವಾದ್ದರಿಂದ ಚಿಂತೆಯಿಲ್ಲ.

“ನಿನ್ನ ಸರದೀನೂ ಬರತ್ತೆ,” ಎಂದ ಉಸ್ತಾದ್ ನಿಝಾರ್. “ನಾಲ್ಕನೇ ವಾರ.”

ಇವರು ಕೂತರೆ ನೌರಸ ಒಂದು ವಾರ ಬದುಕಲಾರಳು ಎಂದು ಹನಾದಿಗೆ ಗೊತ್ತಿತ್ತು. ಇಷ್ಟು ವರ್ಷ ಹನಿಹನಿಯಾಗಿ ತುಂಬಿದ್ದನ್ನು ಒಂದು ಮಧ್ಯಾಹ್ನದಲ್ಲಿ ಚೆಲ್ಲಿ, ಅಯ್ಯೋ ಎಂದು ಒಂದು ಸಲ ಅಂದು, ಇನ್ನೊಂದು ಕಾಫಿ ತಾ ಎನ್ನುತ್ತಾರೆ. ಅವಳು ಮೇಜಿನ ಮೇಲಿನ ಸಕ್ಕರೆಯ ಕಾಳುಗಳನ್ನು ನೋಡುತ್ತ ಮಾತಾಡಿದಳು.

“ಗೂಡಲ್ಲಿ ನಿಮ್ಮದೇನೂ ಇರ್ಲಿಲ್ಲ. ಎಂಟೂ ಕವಚ. ನಾನು ಹಾಕಿದ್ದು. ಚೀಟಿ ಮಾತ್ರ ನಿಮ್ಮದು.”

ಕಿಫಾಹ್ ಎದ್ದು ಹೋಗಿ ಯಂತ್ರದಲ್ಲಿ ಬುರ್ಜ್ ತೆರೆದು, ಗೂಡುಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ಗಟ್ಟಿಯಾಗಿ ಓದಿದ. ಅಬು ಲೈಥ್ ಮುರಾದರ ಬೆಳಕಿನ ಪರದೆ. ಗುಡ್ಡದ ವೀರರ ಕವಚ. ಎಲ್ಲವೂ ಇದ್ದಲ್ಲೇ ಇದೆಯಲ್ಲ ಎಂದ. ಅಬು ಲೈಥನಿಗೆ ನಿರಾಳವಾಯಿತು.

“ನಿನಗೆ ಕೊಡೋಕೆ ಮನಸ್ಸಿಲ್ಲ ಅಂದ್ರೆ ಹಾಗಂತ ಹೇಳಮ್ಮ,” ಎಂದ. “ದೊಡ್ಡವರ ಹೆಸರನ್ಯಾಕೆ ಕೆಡಿಸ್ತೀಯ?”

ಅಲ್ಲಿಗೆ ಹನಾದಿಗೆ ನಾಚಿಕೆ ಎಂಬುದು ಎಲ್ಲಿ ಹೋಯಿತೋ ತಿಳಿಯಲಿಲ್ಲ. ತಲೆಯೆತ್ತಿ ಮಾವನ ಮುಖವನ್ನೇ ನೋಡಿದಳು.

“ಸರಿ. ಕೊಡೋಕೆ ಮನಸ್ಸಿಲ್ಲ.”

ಅಬು ಲೈಥ್ ಕೂಗಾಡಲಿಲ್ಲ. ಅಂಗಡಿ ತನ್ನದು, ಯಂತ್ರ ತನ್ನದು, ಇವತ್ತಿನಿಂದ ಆ ಮೂಲೆಯ ಕುರ್ಚಿಗೆ ನೀನು ಕೂರುವಂತಿಲ್ಲ ಎಂದಷ್ಟೇ ಹೇಳಿದ. ಕಾಫಿ ಮಾಡುವುದನ್ನು ನಿಲ್ಲಿಸು ಎನ್ನಲಿಲ್ಲ. ಆ ಕೂಲಿಗೆ ಇನ್ನಾರೂ ಸಿಗುವುದಿಲ್ಲವೆಂಬುದು ಅವನಿಗೂ ಗೊತ್ತಿತ್ತು. ಇವತ್ತೊಂದು ದಿನ ಕೊಡಿ, ನನ್ನದನ್ನು ತೆಗೆದುಕೊಳ್ಳಬೇಕು ಎಂದು ಅವಳು ಕೇಳಿದಳು. ದೊಡ್ಡ ಮನಸ್ಸು ಮಾಡಿ ಒಪ್ಪಿದ.

ಅವಳು ಕೂತು ಕೆಲಸ ಮಾಡಿದಳು. ತನ್ನ ಎಂಟು ಹಲಗೆಗಳನ್ನು ಬಿಚ್ಚಿದಳು. ಉಗ್ರಾಣದಿಂದ ಮೂವರ ಕೊಡುಗೆಗಳನ್ನು ತಂದು ಯಾರದ್ದು ಎಲ್ಲಿತ್ತೋ ಅಲ್ಲೇ ಕೂರಿಸಿದಳು, ಅಬು ಲೈಥನ ಮೂರು ಪರದೆ, ಗುಡ್ಡದ ಎರಡು ಹಲಗೆ, ಪೇಟೆಯ ಒಂದು ಪರದೆ ಒಂದು ಹಲಗೆ. ಈಗ ಚೀಟಿಯೂ ಸಾಧನವೂ ಒಂದೇ. ಈ ವಿಷಯದಲ್ಲಿ ಯಾರೂ ಅವಳನ್ನು ದೂರುವಂತಿರಲಿಲ್ಲ. ಎಂಟನೆಯ ಗೂಡನ್ನು ಖಾಲಿ ಬಿಟ್ಟಳು. ನೌರಸಳನ್ನು ಪಡೆಯಿಂದ ಬಿಡಿಸಿ, ಒಂದು ಹಳೆಯ ಸರಕಿನ ಹಡಗಿಗೆ ಹತ್ತಿಸಿ, ದಾರಿಯಲ್ಲಿ ಯಾರೂ ಹಿಂಬಾಲಿಸದ ಹಾಗೆ ಸುತ್ತುದಾರಿಯಲ್ಲಿ ನಡೆಸಿ, ಯಾರಿಗೂ ಬೇಡವಾದ ಒಂದು ದೂರದ ನಿಲ್ದಾಣದಲ್ಲಿ ಇಳಿಸಿದಳು. ಎಲ್ಲಕ್ಕಿಂತ ಹೆಚ್ಚು ಕಾಲ ಹಿಡಿಯುವ ವಿದ್ಯೆಯೊಂದನ್ನು ಹುಡುಕಿ ಕಲಿಯಲು ಹಚ್ಚಿದಳು. ಯಂತ್ರ ಆರಿಸಿ ಕುರ್ಚಿಯನ್ನು ಮೇಜಿನ ಕೆಳಗೆ ತಳ್ಳಿದಳು.

ಬುರ್ಜ್ ನಿಲ್ದಾಣದಲ್ಲಿ ನಿಂತಿದೆ. ಒಳಗೆ ನಿಂತರೂ ಈಗ ಅದರ ಸುತ್ತ ನೀಲಿ ಬೆಳಕು ಮಿನುಗುತ್ತದೆ. ಅದು ಹೇಗೆ ಬಂತೆಂದು ಯಾರೂ ಕೇಳಲಿಲ್ಲ. ಅದನ್ನು ನಡೆಸುವ ವಿದ್ಯೆ ಕಲಿತ ಚಾಲಕರು ಪಡೆಯಲ್ಲಿಲ್ಲ, ಕಲಿಯಲು ವರ್ಷಗಳು ಬೇಕು. ಯಾರ ಚಾಲಕ ಮೊದಲು ಕಲಿಯಬೇಕು ಎಂಬುದರ ಬಗ್ಗೆ ಚರ್ಚೆ ನಡೆಯುತ್ತಿದೆ. ಬಂದರಿನವನು ಕಲಿತರೆ ಗುಡ್ಡಕ್ಕೆ ಭಯ, ಗುಡ್ಡದವನು ಕಲಿತರೆ ಪೇಟೆಗೆ. ಮೂವರೂ ಒಟ್ಟಿಗೆ ಶುರು ಮಾಡಬೇಕು, ಒಂದೇ ಕ್ಷಣಕ್ಕೆ ಮುಗಿಸಬೇಕು ಎಂಬ ಸೂತ್ರವೊಂದನ್ನು ಕಿಫಾಹ್ ಮುಂದಿಟ್ಟಿದ್ದಾನೆ. ಅವನ ಭಾವ ಝಗರ್ತಾದಿಂದ ಮತ್ತೊಮ್ಮೆ ಬಂದು ಸಿಹಿ ತಿಂದು ಹೋದ.

ಹನಾದಿ ಕೆಂಡ ಬದಲಿಸುತ್ತಾಳೆ. ನೌರಸಳ ವಿದ್ಯೆ ಎಷ್ಟಕ್ಕೆ ಬಂದಿರಬಹುದೆಂದು ನೋಡಲು ಅವಳಿಗೆ ಯಂತ್ರವಿಲ್ಲ, ಆದರೆ ನಡೆಯುತ್ತಿದೆ ಎಂಬುದು ಗೊತ್ತು. ಮೊನ್ನೆ ಉಸ್ತಾದ್ ನಿಝಾರ್ ಗಲ್ಲಾದ ಬಳಿ ಬಂದು, ದನಿ ತಗ್ಗಿಸಿ, ಎಂಟನೆಯ ಗೂಡು ಖಾಲಿ ಕಾಣುತ್ತಿದೆಯಲ್ಲ, ಅಲ್ಲಿದ್ದ ನಮ್ಮ ಕಡೆಯ ಕವಚ ಏನಾಯಿತು ಎಂದು ಕೇಳಿದ. ಕಾರು ಕಲಿಸುವ ಮಾತು ಇನ್ನೂ ಹಾಗೇ ಇದೆ ಎಂದೂ ನೆನಪಿಸಿದ.

“ಅದಕ್ಕೆ ಚೀಟಿ ಇರ್ಲಿಲ್ಲ ಉಸ್ತಾದ್,” ಎಂದಳು ಹನಾದಿ. “ಸಕ್ಕರೆ ಎಷ್ಟು?”